ತೌಡಿಗೆ ಕೊಂಡ ಹತ್ತೊಂಬತ್ತು ಮಕ್ಕಳು

ಬಡವರ ಮನೆಯ ಮಕ್ಕಳು ಚೆನ್ನಾಗಿದ್ದಾವೋ ಇಲ್ಲವೋ ಎಂದು ಕೇಳಿ ಬರೆದುಕೊಂಡು ಹೋಗುವ ಜನ ಬಂದಿದ್ದಾರೆ ಅನ್ನುವ ಮಾತು ಕೆಂಪಾಜಮ್ಮನ ಕಿವಿಗೆ ಮೊದಲು ಬಿದ್ದದ್ದು ಒಂದು ಬುಧವಾರ. ಅವಳು ಹನಗೋಡಿನ ತನ್ನ ಮನೆಯ ಜಗಲಿಯ ಮೇಲೆ ಕಾಲು ಚಾಚಿ ಕೂತು ಹುರುಳಿ ಕೇರುತ್ತಿದ್ದಳು. ಎರಡನೇ ಲಡಾಯಿ ಶುರುವಾಗುವುದಕ್ಕೆ ಇನ್ನೂ ಒಂದೆರಡು ವರ್ಷ ಇತ್ತು. ಸುದ್ದಿ ತಂದವಳು ಕಾಡಂಚಿನಲ್ಲಿ ಕಾಡಿನ ಜನ ಗುಡಿಸಲು ಹಾಕಿಕೊಂಡಿದ್ದ ಹಾಡಿಯ ರಂಗಿ. ಜೇನಿನ ಬುರುಡೆ ಇಳಿಸಿ, ಸೊಂಟದ ಮೇಲಿದ್ದ ಕೂಸು ಕುಳ್ಳನನ್ನೂ ಇಳಿಸಿ, ಎಲೆ ಅಡಿಕೆ ಕೇಳಿ ಬಾಯಿಗೆ ಹಾಕಿಕೊಂಡ ಮೇಲೆಯೇ ಅವಳು ಬಾಯಿ ಬಿಟ್ಟದ್ದು.

"ಹಲಗೆಗೆ ಕಾಗ್ದ ಸಿಕ್ಕಿಸ್ಕಂಡು ಒಬ್ಬ ಬಂದವ್ನೆ ಕಣಕ್ಕ. ನೆನ್ನೆ ಏನುಂಡ್ರಿ ಅಂತ ಕೇಳ್ತಾನೆ."

"ಕೇಳಿ? ಉಣ್ಣಕ್ಕಿಕ್ತಾನಾ?"

"ಇಲ್ಲ. ಬರ್ಕತ್ತಾನೆ, ಅಷ್ಟೆ."

ಕೆಂಪಾಜಮ್ಮನಿಗೆ ಇದು ಹೊಸದು. ಊಟ ಆಯಿತಾ ಎಂದು ಕೇಳಿದವರು, ಆಗಲಿಲ್ಲ ಅಂದರೆ ಒಳಗೆ ಕರೆಯಬೇಕು. ಕರೆಯುವ ಮನಸ್ಸಿಲ್ಲದವರು ಕೇಳಬಾರದು. ಕೇಳಿ, ಬರೆದುಕೊಂಡು, ತಿರುಗಿಕೊಂಡು ಹೋಗುವುದು ಯಾವ ಸೀಮೆಯ ಮರ್ಯಾದೆ ಎಂದು ಅವಳು ಮೊರ ಕೆಳಗಿಟ್ಟು ಯೋಚಿಸಿದಳು.

ರಂಗಿ ಅವನನ್ನು ಸುಮ್ಮನೆ ಬಿಟ್ಟಿರಲಿಲ್ಲ. ಏನು ಉಣ್ಣುತ್ತೀರಿ ಎಂದನಲ್ಲ, ಕಾಡಿನ ಗೆಡ್ಡೆಗಳ ಹೆಸರೆಲ್ಲ ಹೇಳಿ, ಆಮೇಲೆ ಸೊಪ್ಪುಗಳಿಗೆ ಬಂದು, ಯಾವ ಸೊಪ್ಪು ಯಾವ ಮಳೆಗೆ ಚಿಗುರುತ್ತದೆ, ಯಾವುದನ್ನು ಎರಡು ಸಲ ಬಸಿಯಬೇಕು ಅನ್ನುವುದನ್ನೂ ಬಿಡಿಸಿ ಹೇಳಿದಳಂತೆ. ಅಣಬೆಯ ಹೊತ್ತಿಗೆ ಅವನ ಹಾಳೆ ತುಂಬಿತು. ಹಿಂದುಗಡೆ ತಿರುಗಿಸಿ ಬರೆದ. ಕಳಲೆಯ ಹೊತ್ತಿಗೆ ಅದೂ ತುಂಬಿ, ಅಂಗೈ ಮೇಲೆ ಬರೆದುಕೊಂಡನಂತೆ. ಆಮೇಲೆ ಬೆವರು ಒರೆಸಿಕೊಂಡು, ಮಕ್ಕಳೆಷ್ಟು ಎಂದು ಕೇಳಿದ. ಇಲ್ಲ ಅಂದಳು ರಂಗಿ. ಸೊಂಟದ ಮೇಲಿನ ಕೂಸು ಯಾರದು ಎಂದ. ಹನಗೋಡಿನ ಕೆಂಪಾಜಕ್ಕನದು ಅಂದಳು. ಅದನ್ನೂ ಅವನು ಬರೆದುಕೊಂಡ.

ರಂಗಿ ಸುಳ್ಳು ಹೇಳಿರಲಿಲ್ಲ. ಕುಳ್ಳ ಕೆಂಪಾಜಮ್ಮನವನೇ. ಎರಡು ವರ್ಷದ ಕೆಳಗೆ ಅವಳು ಅವನನ್ನು ಒಂದು ಮೊರ ತೌಡು ಕೊಟ್ಟು ಕೊಂಡಿದ್ದಳು.

ಈ ತೌಡಿನ ವಿಚಾರ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಬೇಕು. ಹುಟ್ಟಿದ ಕೂಸು ನಿಲ್ಲದ ಮನೆಗಳು ಆ ಕಾಲದಲ್ಲಿ ಪ್ರತಿ ಬೀದಿಯಲ್ಲೂ ಇದ್ದವು. ಎರಡು ಹೋಗಿ, ಮೂರು ಹೋಗಿ, ಮತ್ತೊಂದು ಹುಟ್ಟಿದಾಗ ಅದನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಅಂಚಿಗೆ ಇಟ್ಟು ಬರುತ್ತಿದ್ದರು. ಕೆಂಪಾಜಮ್ಮ ಎಲ್ಲಿಗೋ ಹೊರಟವಳಂತೆ ಆ ಕಡೆಯಿಂದ ಬರಬೇಕು. ಯಾರದಪ್ಪ ಈ ಕೂಸು, ದಿಕ್ಕಿಲ್ಲದೆ ಬಿದ್ದಿದೆ, ನನಗೆ ಕೊಡ್ತೀರಾ ಎಂದು ಕೇಳಬೇಕು. ಹೆತ್ತವಳು ಮುಖ ತಿರುಗಿಸಿಕೊಂಡು, ಬೇಕಾದರೆ ಕೊಂಡುಕೊಂಡು ಹೋಗು ಅನ್ನಬೇಕು. ಮೊರದ ತುಂಬ ತೌಡು ಕೊಟ್ಟರೆ ವ್ಯಾಪಾರ ಆದಂತೆ. ಮಗುವಿಗೆ ತೌಡನೋ ತಿಪ್ಪನೋ ಗುಂಡನೋ, ಯಾರೂ ಆಸೆಪಡದಂಥ ಒಂದು ಹೆಸರು. ಅಲ್ಲಿಂದ ಮುಂದೆ ಹಾಲು ಕೊಡುವವಳು, ನೀರು ಹಾಕುವವಳು, ಎದೆಗವಚಿಕೊಂಡು ಮಲಗುವವಳು ಹೆತ್ತವಳೇ. ಆದರೆ ಮಗು ದೊಡ್ಡದಾಗಿ, ತೌಡನ್ನು ವಾಪಸು ಅಳೆದುಕೊಟ್ಟು ಬಿಡಿಸಿಕೊಳ್ಳುವ ದಿನದವರೆಗೆ ಅವಳ ಬಾಯಲ್ಲಿ 'ನಂದು' ಅನ್ನುವ ಮಾತು ಬರಕೂಡದು. ಬಂದರೆ ವ್ಯಾಪಾರ ಮುರಿದಂತೆ.

ಇದರ ಒಳಗುಟ್ಟನ್ನು ಕೆಂಪಾಜಮ್ಮ ತಾನೇ ವಿವರಿಸುತ್ತಿದ್ದಳು. ಯಮ ಬರುವುದು ಪಳಗಿದ ಮನೆಗೆ. ಅಲ್ಲಿ ಬಂದು ಕೇಳಿದರೆ ನಮಗೆ ಮಕ್ಕಳಿಲ್ಲಪ್ಪ, ಕೆಂಪಾಜಮ್ಮನ ಮನೆಗೆ ಹೋಗು ಅನ್ನುತ್ತಾರೆ. ಇಲ್ಲಿಗೆ ಬಂದು ನೋಡಿದರೆ ಗಂಡ ಸತ್ತ ಒಬ್ಬ ಹೆಂಗಸು, ಒಂದು ಹೇಟೆ ಕೋಳಿ. ಮಕ್ಕಳ ಸುಳಿವೇ ಇಲ್ಲ. ಇನ್ನೊಂದು ಸಲ ಹಿಂದಕ್ಕೆ ಹೋಗಿ ಕೇಳುವಷ್ಟು ಪುರುಸೊತ್ತು ಅವನಿಗೆಲ್ಲಿ, ಅವನಿಗೂ ಹುಣಸೂರು, ಪಿರಿಯಾಪಟ್ಟಣ, ಕೋಟೆ ಎಲ್ಲ ಸುತ್ತಬೇಕಲ್ಲ ಎಂದು ಅವಳ ಲೆಕ್ಕಾಚಾರ.

ಅವಳಿಗೆ ಸ್ವಂತ ಮಕ್ಕಳು ಆಗಿರಲಿಲ್ಲ. ಇಪ್ಪತ್ತನಾಲ್ಕಕ್ಕೇ ಗಂಡ ಹೋದ. ಅತ್ತೆಯ ಜೊತೆ ಬಾಣಂತನಕ್ಕೆ ಹೋಗಿ ಹೋಗಿ ಸೂಲಗಿತ್ತಿಯಾದಳು. ದಪ್ಪ ಮೈ, ದಪ್ಪ ದನಿ. ಹೆರಿಗೆ ನೋವಿನಲ್ಲಿ ಕಿರುಚುವವರಿಗಿಂತ ಸಮಾಧಾನ ಹೇಳುವ ಇವಳ ದನಿಯೇ ಬೀದಿಗೆ ಜಾಸ್ತಿ ಕೇಳುತ್ತಿತ್ತು. ಮೊದಲನೇ ಮಗುವನ್ನು ಪಕ್ಕದ ಮನೆಯವರು ಗೋಗರೆದದ್ದಕ್ಕೆ ಕೊಂಡಳು. ಅದು ಬದುಕಿತು. ಅಷ್ಟೇ ಸಾಕಾಯಿತು. ತೌಡಿಗೆ ಮಕ್ಕಳನ್ನು ಕೊಳ್ಳಬೇಕೆಂದರೆ ಕೆಂಪಾಜಮ್ಮನೇ ಆಗಬೇಕು, ಅವಳ ಕೈ ಗುಣ ಎಂದು ಸುತ್ತಮುತ್ತೆಲ್ಲ ಹೆಸರಾಯಿತು. ಈ ಕಥೆ ನಡೆದ ವರ್ಷ, ಬಿಡಿಸಿಕೊಂಡು ಹೋದವರನ್ನು ಬಿಟ್ಟು, ಹತ್ತೊಂಬತ್ತು ಮಕ್ಕಳು ಅವಳವಾಗಿದ್ದವು.

ಎಲ್ಲಕ್ಕಿಂತ ಚಿಕ್ಕವನು ಪುಟ್ಟಮಾದಮ್ಮನ ತೌಡ. ಐದು ತಿಂಗಳ ಕೂಸು. ಅವನಿಗಿಂತ ಮುಂಚೆ ನಾಲ್ಕು ಹುಟ್ಟಿ ನಾಲ್ಕೂ ಹೋಗಿದ್ದವು. ಪುಟ್ಟಮಾದಮ್ಮ ಎಷ್ಟು ಹುಷಾರಾಗಿದ್ದಳೆಂದರೆ, ಮಗುವನ್ನು ಮಡಿಲಲ್ಲಿ ಹಾಕಿಕೊಂಡು ಹಾಲು ಕೊಡುತ್ತಲೇ, ಅಕ್ಕನ ಕೂಸು ಅಳುತ್ತಿತ್ತು, ನೋಡಿ ಸುಮ್ಮನಿರಲಾರದೆ ಎತ್ತಿಕೊಂಡೆ ಎಂದು ದಾರಿಯಲ್ಲಿ ಹೋಗುವವರಿಗೆಲ್ಲ ಕೂಗಿ ಹೇಳುತ್ತಿದ್ದಳು. ಅವಳ ಗಂಡ ಅಂಕಯ್ಯ ಅವಳಿಗಿಂತ ಒಂದು ಕೈ ಮೇಲು. ಕೆಂಪಾಜಮ್ಮ ಎದುರು ಸಿಕ್ಕರೆ ಟವಲು ಹೆಗಲಿಂದ ಇಳಿಸಿ, ನಿಮ್ಮ ಮಗ ನೆನ್ನೆ ಮಗ್ಗುಲಾದ ಕಣಮ್ಮ ಎಂದು ವರದಿ ಒಪ್ಪಿಸುತ್ತಿದ್ದ.

ಹಲಗೆಯವನು ಮರುವಾರ ಹನಗೋಡಿಗೂ ಬಂದ. ಅವನ ಹೆಸರು ಸೋಮಯ್ಯ. ಹೊಸ ಅಗ್ರಹಾರದವನು. ಹಾಳೆಗಳು ಮುಗಿಯುವ ತನಕ ಮಾತ್ರ ಅವನ ಕೆಲಸ. ಸಣ್ಣಗೆ, ಎತ್ತರಕ್ಕೆ, ಗಾಳಿಗೆ ಬಾಗಿದ ಜೋಳದ ಕಡ್ಡಿಯ ಹಾಗಿದ್ದ. ಕೇಳಬೇಕಾದ ಪ್ರಶ್ನೆ ನಲವತ್ತೊಂದು. ಅವರು ಏನು ಹೇಳುತ್ತಾರೋ ಅದನ್ನೇ ಬರಿ, ನಿನ್ನದೇನೂ ಸೇರಿಸಬೇಡ, ಹಾಳೆಯಲ್ಲಿ ಇಲ್ಲದ್ದನ್ನು ಕೇಳಬೇಡ ಎಂದು ಮೈಸೂರಿನ ಕಚೇರಿಯಲ್ಲಿ ಹೇಳಿ ಕಳಿಸಿದ್ದರು. ಸೋಮಯ್ಯ ಹೇಳಿದ ಮಾತು ಮೀರುವವನಲ್ಲ. ಊರವರು ಅವನಿಗೆ ಲೆಕ್ಕದಯ್ಯ ಎಂದು ಹೆಸರಿಟ್ಟರು.

ಮಕ್ಕಳನ್ನು ತೂಗುವುದಕ್ಕೆ ಅವನು ಒಂದು ಜೋತುಬಿಡುವ ತಕ್ಕಡಿ ತಂದಿದ್ದ. ಮೇಲೆ ಕೊಕ್ಕೆ, ನಡುವೆ ಗಡಿಯಾರದಂಥ ಮುಖ, ಒಳಗೆ ಸುರುಳಿ ತಂತಿ, ಕೆಳಗೆ ಬಟ್ಟೆಯ ಜೋಲಿ. ಅದನ್ನು ಚಾವಡಿಯ ಮುಂದಿನ ಹೊಂಗೆ ಮರಕ್ಕೆ ಕಟ್ಟಿದ. ಮೊದಲನೇ ಮಗುವನ್ನು ಇನ್ನೇನು ಮಲಗಿಸಬೇಕು, ಅಷ್ಟರಲ್ಲಿ ಪಟೇಲ ಪುಟ್ಟಮಲ್ಲಪ್ಪ ಬಂದ. ಊರಲ್ಲಿ ಏನೇ ಶುರುವಾದರೂ ಮೊದಲು ಪಟೇಲನಿಂದ ಆಗಬೇಕು. ಬೇಸಾಯದ ಮೊದಲ ಉಳುಮೆ ಅವನದು, ಕಬ್ಬಿನ ಮೊದಲ ಜಲ್ಲೆ ಅವನದು, ತಕ್ಕಡಿ ಮಾತ್ರ ಬೇರೆ ಹೇಗಾದೀತು. ಇದು ಹಸುಗೂಸುಗಳ ತಕ್ಕಡಿ ಎಂದು ಸೋಮಯ್ಯ ಮೆಲ್ಲಗೆ ಅಂದದ್ದು ಅವನ ಕಿವಿಗೆ ಬೀಳಲಿಲ್ಲ. ಶಲ್ಯ ಸೊಂಟಕ್ಕೆ ಬಿಗಿದು, ಜೋಲಿಯನ್ನು ಎರಡೂ ಕೈಯಲ್ಲಿ ಹಿಡಿದು, ಕಾಲು ಮಡಿಚಿ ಜೋತುಬಿದ್ದ. ಮುಳ್ಳು ಒಂದು ಸುತ್ತು ಹೊಡೆದು ಇನ್ನೊಂದು ಸುತ್ತಿಗೆ ಹೊರಟಿತು. ಒಳಗೆಲ್ಲೋ ಟಣ್ ಎಂದು ಸದ್ದಾಯಿತು. ಎಷ್ಟು ಬಂತಯ್ಯ ಎಂದು ಪಟೇಲ ಕೇಳಿದ. ಬಹಳ ಬಂತು ಸ್ವಾಮಿ ಎಂದ ಸೋಮಯ್ಯ.

ಆಮೇಲೆ ಆ ತಕ್ಕಡಿಯಲ್ಲಿ ತೂಗಿದ ಕೂಸುಗಳೆಲ್ಲ ಆನೆಮರಿಗಳ ತೂಕ ಬಂದವು. ಐದು ತಿಂಗಳ ತೌಡ ಎರಡು ವರ್ಷದವನ ತೂಕ ಬಂದ. ಮುಳ್ಳು ತೋರಿಸಿದ್ದನ್ನು ಸೋಮಯ್ಯ ಬರೆದ. ತಕ್ಕಡಿ ಕೆಟ್ಟಿದೆಯೇ ಎಂದು ಕೇಳುವ ಪ್ರಶ್ನೆ ನಲವತ್ತೊಂದರಲ್ಲಿ ಇರಲಿಲ್ಲ.

ಮನೆಮನೆಗೆ ಹೋದಾಗ ಅವನಿಗೆ ಇನ್ನೊಂದು ವಿಚಿತ್ರ ಕಂಡಿತು. ಬದುಕಿರುವ ಮಕ್ಕಳೆಷ್ಟು ಎಂದು ಕೇಳಿದರೆ, ತೌಡಿಗೆ ಮಗು ಕೊಟ್ಟ ಮನೆಗಳ ಹೆಂಗಸರು ಇಲ್ಲ ಅನ್ನುತ್ತಿದ್ದರು. ಸತ್ತವೆಷ್ಟು ಎಂದು ಕೇಳಿದರೆ ತಡವರಿಸದೆ ಹೇಳುತ್ತಿದ್ದರು. ಹೆಸರು, ಹುಟ್ಟಿದ ವಾರ, ಹೋದ ತಿಂಗಳು, ಕೆಮ್ಮೋ ಭೇದಿಯೋ ಜ್ವರವೋ ಎಲ್ಲವನ್ನೂ. ಹೋದ ಮಕ್ಕಳಿಗೆ ಯಾರ ದೃಷ್ಟಿಯೂ ತಾಗುವುದಿಲ್ಲವಲ್ಲ, ಅವನ್ನು ಎಣಿಸಬಹುದು. ಸೋಮಯ್ಯನ ಹಾಳೆಯಲ್ಲಿ ಆ ಕಾಲಮಿಗೆ ಜಾಗ ಸಾಲದೆ ಬಂತು.

ಕೊನೆಗೆ ಕೆಂಪಾಜಮ್ಮನ ಮನೆ. ಅವಳು ಅವನಿಗೆ ಮೊದಲು ಮಜ್ಜಿಗೆ ಕೊಟ್ಟು, ಊಟ ಆಯಿತಾ ಎಂದು ಕೇಳಿ, ಇಲ್ಲ ಅಂದಿದ್ದಕ್ಕೆ ಎಲೆ ಹಾಕಿದಳು. ಕೇಳುವುದು ಹೀಗೆ ಎಂದು ತೋರಿಸಿಕೊಟ್ಟ ಹಾಗಾಯಿತು. ಉಂಡು ಕೈ ತೊಳೆದು ಅವನು ಹಲಗೆ ಎತ್ತಿಕೊಂಡ.

"ಮಕ್ಕಳೆಷ್ಟು ತಾಯಿ?"

"ಅವ್ರೆ ಸ್ವಾಮಿ, ಸುಮಾರಾಗವ್ರೆ."

"ಹತ್ತೊಂಬತ್ತು ಅಂತ ಬೇರೆ ಮನೆಯವರು ಬರೆಸಿದ್ದಾರೆ."

"ಅಷ್ಟು ಗಟ್ಟಿಯಾಗಿ ಅನ್ಬ್ಯಾಡಿ. ಬರ್ಕಳಿ, ಅಷ್ಟೆ."

ಗಂಡ ಏನು ಮಾಡುತ್ತಾನೆ ಎಂದು ಕೇಳಿದ. ಹೋಗಿ ಇಪ್ಪತ್ತೆಂಟು ವರ್ಷವಾಯಿತು ಅಂದಳು. ಕಡೇ ಮಗುವಿನ ವಯಸ್ಸು ಐದು ತಿಂಗಳು ಎಂದು ಮೇಲಿನ ಸಾಲಿನಲ್ಲಿ ಅವನೇ ಬರೆದಿದ್ದ. ಸೋಮಯ್ಯನ ಲೇಖಣಿ ನಿಂತಿತು. ಅವನ ಕಿವಿ ಕೆಂಪಾಯಿತು. ಕೋಳಿಯ ಕಡೆ ನೋಡಿದ, ಮಾಡಿನ ಕಡೆ ನೋಡಿದ. ಹಾಳೆಯಲ್ಲಿ ಇಲ್ಲದ್ದನ್ನು ಕೇಳಬಾರದು. ಮುಂದಿನ ಪ್ರಶ್ನೆಗೆ ಹೋದ.

ನೆನ್ನೆ ಮನೆಯಲ್ಲಿ ಏನು ಮಾಡಿದ್ದಿರಿ? ಒಂದು ಮುದ್ದೆ, ಉಪ್ಪೆಸರು. ಎಷ್ಟು ಮುದ್ದೆ? ಒಂದೇ, ನಾನು ಇನ್ನೆಷ್ಟು ತಿಂತೀನಿ. ಮಕ್ಕಳು? ಅವು ಅವರ ಪಾಡಿಗೆ ಉಂಡುಕೊಂಡು ಬೆಳೀತಾವೆ. ಮಲಗುವ ಚಾಪೆ ಎಷ್ಟು? ಒಂದು. ಹೊದಿಕೆ? ಒಂದು ಕಂಬಳಿ, ಅದರಲ್ಲೂ ಕೋಳಿ ಕೂರುತ್ತೆ. ಈ ಮಕ್ಕಳಲ್ಲಿ ಸತ್ತವೆಷ್ಟು? ಒಂದೂ ಇಲ್ಲ, ದೇವರ ದಯ. ಕೆಂಪಾಜಮ್ಮ ಒಂದೊಂದಕ್ಕೂ ನಿಜವನ್ನೇ ಹೇಳಿದಳು. ನಲವತ್ತೊಂದನೇ ಪ್ರಶ್ನೆ, ಮಕ್ಕಳು ನೆಮ್ಮದಿಯಾಗಿದ್ದಾರೆಯೇ ಅನ್ನುವುದು. ಇಷ್ಟು ವರ್ಷಕ್ಕೆ ತನ್ನ ಮಕ್ಕಳ ಬಗ್ಗೆ ಯಾರೂ ಅವಳನ್ನು ಹೀಗೆ ಕೇಳಿರಲಿಲ್ಲ.

"ಗುಂಡ ಒಬ್ಬ ವಸಿ ಮೊಂಡ. ಮಿಕ್ಕವು ಚೆನ್ನಾಗವೆ," ಎಂದು ಹೇಳಿ ಸೆರಗಿನಿಂದ ಮುಖ ಒರೆಸಿಕೊಂಡಳು.

ಸೋಮಯ್ಯ ಹೋದ. ಹಾಳೆಗಳು ಮೈಸೂರಿಗೆ ಹೋದವು. ಅಲ್ಲಿನ ಕಚೇರಿಯಲ್ಲಿ ಅವನ್ನು ಕೂಡಿ ಕಳೆದು ನೋಡಿದರೆ, ಹನಗೋಡಿನ ಸುತ್ತ ಬೇರೆ ಬಡವರ ಮನೆಗಳಲ್ಲಿ ಹುಟ್ಟಿದ ಮಕ್ಕಳೆಲ್ಲ ಸಾಯುತ್ತಿವೆ. ಒಬ್ಬ ವಿಧವೆಯ ಮನೆಯಲ್ಲಿ ಮಾತ್ರ ಹತ್ತೊಂಬತ್ತು ಮಕ್ಕಳು ಒಂದೇ ಚಾಪೆಯ ಮೇಲೆ ಮಲಗಿ, ದಿನಕ್ಕೆ ಒಂದು ಮುದ್ದೆಯನ್ನು ಹಂಚಿಕೊಂಡು ತಿಂದು, ಒಂದೂ ಸಾಯದೆ, ತಾಲ್ಲೂಕಿನಲ್ಲಿ ಯಾರಿಗೂ ಇಲ್ಲದ ತೂಕ ಬಂದಿವೆ. ಹೆತ್ತವಳು ಹೇಗೆ ಹೆತ್ತಳು ಅನ್ನುವುದನ್ನು ಯಾರೂ ವಿಚಾರಿಸಲಿಲ್ಲ. ಅದು ಬೇರೆ ಇಲಾಖೆಗೆ ಸೇರಿದ್ದಿರಬೇಕು. ಈ ಮುದ್ದೆಯ ವಿಚಾರವನ್ನೇ ದೊಡ್ಡದು ಮಾಡಿ, ಕಚೇರಿಯ ಸಾಹೇಬರು ಬೆಂಗಳೂರಿಗೆ ಒಂದು ವರದಿ ಬರೆದು ಕಳಿಸಿದರು.

ರಾಗಿ ಕೊಯ್ಲಾಗಿ ಮೆದೆ ಒಟ್ಟಿದ ಮೇಲೆ ಪಟೇಲನಿಗೆ ಕಾಗದ ಬಂತು. ಸೋಮವಾರ ಸಾಹೇಬರೇ ಬರುತ್ತಾರೆ, ಕೆಂಪಾಜಮ್ಮನೂ ಅವಳ ಮಕ್ಕಳೂ ಮನೆಯಲ್ಲೇ ಇರತಕ್ಕದ್ದು. ಪಟೇಲ ತಕ್ಕಡಿಯ ನೆನಪಾಗಿ, ಕಾಗದವನ್ನು ಸಣ್ಣಗೆ ಮಡಿಚಿ ಶಲ್ಯದ ಅಂಚಿಗೆ ಗಂಟು ಹಾಕಿಕೊಂಡ. ಆದರೆ ನಿಜವಾಗಿ ನಡುಗಿದವಳು ಪುಟ್ಟಮಾದಮ್ಮ. ಸುದ್ದಿ ಕೇಳಿದ ತಕ್ಷಣ ಮಗುವನ್ನು ಎತ್ತಿಕೊಂಡು ಕೆಂಪಾಜಮ್ಮನ ಮನೆಗೆ ಓಡಿ ಬಂದಳು. ಆ ಹೊತ್ತಿಗೆ ತೌಡನಿಗೆ ಎಂಟು ತಿಂಗಳು. ಮುಂಚಿನ ನಾಲ್ಕರಲ್ಲಿ ಒಂದೂ ಎಂಟು ತಿಂಗಳು ಕಂಡಿರಲಿಲ್ಲ.

"ಅಕ್ಕ, ಸರ್ಕಾರದೋರು ಬಂದು, ಕೂಸು ಯಾರ್ದು ಅಂತ ನನ್ ಬಾಯಲ್ಲೇ ಯೋಳಿಸ್ಬುಟ್ರೆ?"

"ನಾನು ಕೊಂಡಿರೋದು ಕಣೆ. ನಿನ್ ಬಾಯಲ್ಲಿ ಯಾಕ್ ಯೋಳಿಸ್ತಾರೆ?"

"ಯೋಳಿಸುದ್ರೆ?"

"ನಾನು ಬುಡಕಿಲ್ಲ. ಓಗು, ಎಮ್ಮೆ ಕಟ್ಟೋಗು."

ಹೀಗೆ ಹೇಳಿ ಕಳಿಸಿದಳೇ ಹೊರತು ಸರ್ಕಾರವನ್ನು ಬಿಡದೆ ಇರುವುದು ಹೇಗೆ ಎಂದು ಅವಳಿಗೂ ಗೊತ್ತಿರಲಿಲ್ಲ. ಎರಡು ದಿನ ಅವಳು ಎಲೆ ಅಡಿಕೆಯನ್ನು ಸುಣ್ಣ ಹಚ್ಚದೆ ತಿಂದಳು.

ಸೋಮವಾರ ಮೋಟಾರು ಬಂತು. ಸಾಹೇಬರು ಕುಳ್ಳಗೆ, ದುಂಡಗೆ, ಹೊಳೆಯುವ ಕನ್ನಡಕದವರು. ಹಿಂದಿನ ಸೀಟಿನಲ್ಲಿ ಸೋಮಯ್ಯ ಹಾಳೆಗಳ ಕಟ್ಟನ್ನು ಮಗುವಿನ ಹಾಗೆ ಅಪ್ಪಿಕೊಂಡು ಕೂತಿದ್ದ. ಹತ್ತೊಂಬತ್ತು ಮಕ್ಕಳಿಗೂ ಎಣ್ಣೆ ಹಚ್ಚಿ ತಲೆ ಬಾಚಿ ಜಗಲಿಯ ಮೇಲೆ ಸಾಲಾಗಿ ಕೂರಿಸಿದ್ದರು. ಹಾಡಿಯಿಂದ ಕುಳ್ಳನೂ ಬಂದಿದ್ದ. ಹೆತ್ತವರೆಲ್ಲ ಬೀದಿಯ ಆಚೆ ಗೋಡೆಗೆ ಒರಗಿ, ಯಾರದೋ ಮದುವೆಗೆ ದಾರಿ ತಪ್ಪಿ ಬಂದವರ ಹಾಗೆ ನಿಂತಿದ್ದರು.

ಸಾಹೇಬರು ಖುಷಿಯಲ್ಲಿದ್ದರು. ಮಕ್ಕಳ ಗಲ್ಲ ಹಿಂಡಿದರು. ಆಮೇಲೆ ಆ ಮುದ್ದೆಯನ್ನು ನೋಡಬೇಕು ಅಂದರು. ಕೆಂಪಾಜಮ್ಮ ಒಲೆ ಹಚ್ಚಿ, ಹಿಟ್ಟು ಹಾಕಿ, ಕೋಲಿನಲ್ಲಿ ತಿರುವಿ ಮುದ್ದೆ ಕಟ್ಟಿ ತಂದಳು. ಮಕ್ಕಳ ಎದೆ ಅಳೆಯಲು ತಂದಿದ್ದ ಟೇಪನ್ನು ಸಾಹೇಬರು ಮುದ್ದೆಯ ಸುತ್ತ ಹಿಡಿದರು. ಹನ್ನೊಂದಂಗುಲ, ಬರಕೊಳ್ಳಿ ಸೋಮಯ್ಯ ಎಂದರು. ಟೇಪಿಗೆ ಹಿಟ್ಟು ಮೆತ್ತಿಕೊಂಡು ಒಂದನೇ ಅಂಗುಲ ಕಾಣದಾಯಿತು. ಇದನ್ನು ಹತ್ತೊಂಬತ್ತು ಭಾಗ ಮಾಡಿದರೆ ತಲೆಗೊಂದು ನೆಲ್ಲಿಕಾಯಿಯಷ್ಟು ಬರುತ್ತದೆ, ಅಷ್ಟರಲ್ಲಿ ಈ ಮೈಕಟ್ಟು ಎಂದು ತಮ್ಮಷ್ಟಕ್ಕೆ ತಲೆ ಅಲ್ಲಾಡಿಸಿದರು. ಕೋಳಿ ಬಂದು ಮುದ್ದೆ ಕುಕ್ಕಿತು. ಅದನ್ನು ಓಡಿಸಿ, ಬಿಸಿ ಆರುವ ಮುಂಚೆ ಒಂದು ಚೂರು ತಾವೇ ಬಾಯಿಗೆ ಹಾಕಿಕೊಂಡರು. ಮುದ್ದೆಯನ್ನು ನುಂಗದೆ ಅಗಿಯುವವರನ್ನು ನೋಡಿ ಮಕ್ಕಳೆಲ್ಲ ನಕ್ಕವು.

ಆಗ ಕೆಂಪಾಜಮ್ಮನ ಕಂಕುಳಲ್ಲಿದ್ದ ತೌಡ ಅಳುವುದಕ್ಕೆ ಶುರುಮಾಡಿದ. ಬೆನ್ನು ತಟ್ಟಿದಳು, ಬೆರಳು ಚೀಪಿಸಿದಳು, ಕೋಳಿ ತೋರಿಸಿದಳು. ಕೇಳಲಿಲ್ಲ.

"ಹಸಿವು ಕಣಮ್ಮ, ಹಾಲು ಕೊಡು," ಎಂದರು ಸಾಹೇಬರು ಮುಖ ಆಚೆ ತಿರುಗಿಸಿಕೊಂಡು.

ಕೆಂಪಾಜಮ್ಮನಿಗೆ ಆಗ ಐವತ್ತೆರಡು. ಮುಖ ತಿರುಗಿಸಿದ ಸಾಹೇಬರ ಕಣ್ಣು ನೇರ ಬೀದಿಯಾಚೆಗೆ ಬಿತ್ತು. ಅಲ್ಲಿ ಗೋಡೆಗೆ ಒರಗಿದ್ದ ಪುಟ್ಟಮಾದಮ್ಮನ ಸೀರೆಯ ಎದೆ ಎರಡೂ ಕಡೆ ಒದ್ದೆಯಾಗುತ್ತಿತ್ತು. ಅವಳು ಕೈ ಕಟ್ಟಿ ಮುಚ್ಚಿಕೊಂಡಳು. ಮಗು ಅತ್ತಷ್ಟೂ ಒದ್ದೆ ದೊಡ್ಡದಾಯಿತು.

"ಅವ್ಳು ನಾನು ಹಾಲಿಗೆ ಇಟ್ಕಂಡಿರೋಳು ಬುದ್ದಿ," ಎಂದಳು ಕೆಂಪಾಜಮ್ಮ. ಆ ಮಾತು ಬಾಯಿಂದ ಬಿದ್ದ ಮೇಲೆಯೇ ಅವಳಿಗೂ ಅದು ಗೊತ್ತಾದದ್ದು. "ಬಾರೆ ಇತ್ಲಾಗೆ, ನಿನ್ ಕೆಲ್ಸ ನೀನ್ ಮಾಡು."

ಪುಟ್ಟಮಾದಮ್ಮ ಓಡಿ ಬಂದು ಮಗುವನ್ನು ಕಿತ್ತುಕೊಂಡು, ಗೋಡೆ ಕಡೆ ತಿರುಗಿ ಕೂತಳು. ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ತೌಡನಿಗೆ ಸಿಕ್ಕಿದ್ದು ನಮಗೂ ಬೇಕು ಎಂದು ಜಗಲಿಯ ಮೇಲಿದ್ದ ಕಲ್ಲಿ ಅನ್ನುವ ಹುಡುಗಿ ಅಳುತ್ತಾ ಇಳಿದು ತನ್ನ ಹೆತ್ತ ತಾಯಿಯ ಕಡೆ ಓಡಿದಳು. ಹಿಂದೆ ತಿಪ್ಪ. ಹಿಂದೆ ಕುಳ್ಳ, ರಂಗಿಯ ಹೆಗಲಿಗೇ ಹತ್ತಿಬಿಟ್ಟ. ಗುಂಡ ಮಾತ್ರ ಜಗಲಿ ಬಿಡಲಿಲ್ಲ, ಮುದ್ದೆ ಅವನ ಹತ್ತಿರ ಇತ್ತು. ನೋಡುನೋಡುತ್ತ ಮಿಕ್ಕ ಜಗಲಿಯೆಲ್ಲ ಖಾಲಿಯಾಗಿ ಬೀದಿಯಾಚೆಯ ಸೊಂಟಗಳೆಲ್ಲ ತುಂಬಿದವು.

"ಇವರೆಲ್ಲ ಯಾರು?" ಎಂದರು ಸಾಹೇಬರು.

"ಎಲ್ಲಾರ್ನೂ ಇಟ್ಕಂಡಿವ್ನಿ ಬುದ್ದಿ."

ಒಂದು ಮುದ್ದೆಯ ಬಡ ವಿಧವೆಗೆ ಅಷ್ಟೊಂದು ದಾದಿಯರು. ಅರಮನೆಯಲ್ಲೂ ಇರಲಿಲ್ಲವೇನೋ. ಸಾಹೇಬರು ಸೋಮಯ್ಯನ ಕೈಯಿಂದ ಹಾಳೆಗಳನ್ನು ತೆಗೆದುಕೊಂಡು ಒಂದೊಂದಾಗಿ ತಿರುವಿದರು. ಪುಟ್ಟಮಾದಮ್ಮ, ಬದುಕಿರುವವು ಇಲ್ಲ, ಸತ್ತವು ನಾಲ್ಕು. ರಂಗಿ, ಬದುಕಿರುವವು ಇಲ್ಲ, ಸತ್ತವು ಮೂರು. ಮುಂದಿನದು, ಅದರ ಮುಂದಿನದು. ಅವರು ದಡ್ಡರಲ್ಲ. ಕನ್ನಡಕ ತೆಗೆದು, ನಿಜ ಹೇಳು ಎಂದು ಕೆಂಪಾಜಮ್ಮನ ಎದುರು ನಿಂತರು. ಅವಳು ಮೊರ, ತಿಪ್ಪೆ, ತೌಡು, ಯಮ, ಎಲ್ಲವನ್ನೂ ಹೇಳಿದಳು. ಪಟೇಲ ತಕ್ಕಡಿಗೆ ಜೋತುಬಿದ್ದದ್ದನ್ನೂ, ಯಾರೂ ಕೇಳದಿದ್ದರೂ, ಜೊತೆಗೇ ಹೇಳಿಬಿಟ್ಟಳು.

ಸಾಹೇಬರಿಗೆ ಮೂಗಿನ ತುದಿಯವರೆಗೆ ಕೋಪ ಏರಿತು. ಸರ್ಕಾರದ ಹಾಳೆ ಎಂದರೆ ಏನೆಂದುಕೊಂಡಿದ್ದೀರಿ ಎಂದು ಊರಿಗೆಲ್ಲ ಬೈದರು. ಸೋಮಯ್ಯ, ಇಲ್ಲೇ ಕೂತುಕೋ, ಹೊಸ ಹಾಳೆ ತೆಗಿ, ಹೆತ್ತವಳು ಒಬ್ಬೊಬ್ಬಳಾಗಿ ಬಂದು ಇದು ನನ್ನದು ಎಂದು ಹೇಳಿ ಹೆಬ್ಬೆಟ್ಟು ಒತ್ತಲಿ ಎಂದರು. ಹತ್ತಿರ ಕೂತಿದ್ದವಳು ಪುಟ್ಟಮಾದಮ್ಮ. ಮೊದಲು ಅವಳೇ.

ಕೆಂಪಾಜಮ್ಮ ತನ್ನ ದಪ್ಪ ಮೈಯನ್ನು ನಡುವೆ ತಂದು ನಿಂತಳು. ಪುಟ್ಟಮಾದಮ್ಮ ಕಾಣಲೇ ಇಲ್ಲ.

"ನನ್ ತೌಡು ಅವ್ಳ ಎಮ್ಮೆ ತಿಂದಾಗದೆ ಬುದ್ದಿ. ಯಾಪಾರ ಮುಗ್ದೋಗದೆ. ಬೇಕಾರೆ ನನ್ನ ಜೈಲಿಗಾಕಿ. ಕೂಸು ನಂದು."

ಸಾಹೇಬರು ಎಡಕ್ಕೆ ಬಾಗಿ ನೋಡಿದರು, ಅವಳು ಎಡಕ್ಕೆ ಸರಿದಳು. ಬಲಕ್ಕೆ ಬಾಗಿದರು, ಅವಳೂ ಬಲಕ್ಕೆ. ಹೀಗೆ ಇಬ್ಬರು ದೊಡ್ಡವರು ಕೋಳಿಯ ಸುತ್ತ ಕುಣಿದಂತಾಗಿ ಮಕ್ಕಳು ಮತ್ತೆ ನಕ್ಕವು. ಕಡೆಗೆ ಸಾಹೇಬರು ಅವಳ ತೋಳಿನ ಮೇಲಿಂದಲೇ ಕೂಗಿ ಕೇಳಿದರು, ಮಗು ಯಾರದು. ಅಕ್ಕನದು ಎಂದಿತು ಒಳಗಿನ ದನಿ. ಹೆತ್ತವಳು ಯಾರು. ಅಕ್ಕನದು ಬುದ್ದಿ. ಸುಳ್ಳು ಹೇಳಿದರೆ ಏನಾಗುತ್ತೆ ಗೊತ್ತಾ ಎಂದರು ಮೂರನೇ ಸಲ.

ಪುಟ್ಟಮಾದಮ್ಮ ಎದ್ದು, ಕೆಂಪಾಜಮ್ಮನ ಪಕ್ಕಕ್ಕೆ ಬಂದು ನಿಂತಳು. ಮಗು ಹಾಲು ಕುಡಿದು ಅವಳ ಹೆಗಲ ಮೇಲೆ ನಿದ್ದೆ ಹೋಗಿತ್ತು.

"ನನ್ನವು ನಾಕೂ ಒಳೆ ದಂಡೇಲಿ ಮನ್ಗವೆ ಬುದ್ದಿ. ಇದು ಅಕ್ಕಂದು."

ಸೋಮಯ್ಯನ ಲೇಖಣಿಯಿಂದ ಒಂದು ತೊಟ್ಟು ಶಾಯಿ ಹೊಸ ಹಾಳೆಯ ಮೇಲೆ ಬಿತ್ತು. ಸಾಹೇಬರು ಅದನ್ನೇ ನೋಡುತ್ತ ನಿಂತರು. ಕನ್ನಡಕವನ್ನು ಹಾಕಿಕೊಂಡು, ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಮುಚ್ಚಳ ಹಾಕಯ್ಯ ಎಂದು ಸೋಮಯ್ಯನಿಗೆ ಹೇಳಿ ಮೋಟಾರಿನ ಕಡೆಗೆ ಹೋದರು. ಅರ್ಧ ದಾರಿಗೆ ನಿಂತರು. ಹಿಂದಕ್ಕೆ ತಿರುಗಿ ಕೆಂಪಾಜಮ್ಮನನ್ನು ಕೈಸನ್ನೆ ಮಾಡಿ ಕರೆದರು.

ಈಗ ಬಂತು ಎಂದುಕೊಂಡಳು ಅವಳು. ಸೆರಗು ಬಿಗಿದು ಹೋದಳು. ಸಾಹೇಬರು ಅವಳನ್ನು ಹುಲ್ಲಿನ ಮೆದೆಯ ಹಿಂದಕ್ಕೆ ಕರೆದುಕೊಂಡು ಹೋಗಿ, ಆಚೆ ಈಚೆ ನೋಡಿದರು. ಅಲ್ಲಿಯವರೆಗೆ ನೀನು ಅನ್ನುತ್ತಿದ್ದವರು ನೀವು ಅಂದದ್ದು ಅವಳಿಗೆ ಮೊದಲು ಗಮನಕ್ಕೆ ಬಂತು. ಹಾಳೆ ತಿದ್ದುವುದಿಲ್ಲ, ಇದ್ದ ಹಾಗೇ ಇರಲಿ ಎಂದರು. ಮುಂದೆ ಯಾರು ಬಂದು ಕೇಳಿದರೂ ಎಲ್ಲ ನನ್ನ ಮಕ್ಕಳೇ ಎಂದು ಇಷ್ಟೇ ಗಟ್ಟಿಯಾಗಿ ಹೇಳಬೇಕು ಎಂದರು. ಹೇಳ್ತೀನಿ ಬುದ್ದಿ, ಅದರಲ್ಲೇನು, ನನ್ನವೇ ಅಲ್ಲವಾ ಎಂದಳು ಕೆಂಪಾಜಮ್ಮ. ಅವಳ ದಪ್ಪ ದನಿ ಅಷ್ಟು ಸಣ್ಣದಾದದ್ದನ್ನು ಯಾರೂ ಕೇಳಿರಲಿಲ್ಲ.

ಸಾಹೇಬರು ಹೊರಡಲಿಲ್ಲ. ಮೆದೆಯಿಂದ ಒಂದು ಹುಲ್ಲುಕಡ್ಡಿ ಎಳೆದು ಬೆರಳಿಗೆ ಸುತ್ತಿದರು, ಬಿಚ್ಚಿದರು. ಕೇಳಬಾರದ್ದನ್ನು ಕೇಳುವವರ ಹಾಗೆ ಗಂಟಲು ಸರಿಮಾಡಿಕೊಂಡರು.

"ಅಲ್ಲಮ್ಮ, ಬೆಂಗಳೂರಿಗೆ ಹೋಗಿರೋ ವರದೀಲಿ ನಾನು ಇಪ್ಪತ್ತು ಮಕ್ಕಳು ಅಂತ ಬರೆದುಬಿಟ್ಟಿದ್ದೀನಿ. ಹತ್ತೊಂಬತ್ತು ಅನ್ನೋದು ಬರವಣಿಗೇಲಿ ಅಷ್ಟು ಚೆನ್ನಾಗಿ ಕಾಣಲ್ಲ ಅಂತ. ಅಲ್ಲಿಂದ ಯಾರಾದರೂ ಎಣಿಸೋಕೆ ಬರೋದರೊಳಗೆ ನೀವು ಇನ್ನೊಂದು ಕೊಂಡುಕೊಳ್ಳೋಕೆ ಆಗುತ್ತೇನು? ತೌಡು ಬೇಕಾದರೆ ನಾನೇ ಕಳಿಸಿಕೊಡ್ತೀನಿ."